ಖಾಲಿ ಬಿಲ್ಲೆ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೆಚ್ಚು ಜಗಳ ನಡೆದದ್ದು ಟೈಮ್‌ಟೇಬಲ್ಲಿಗಾಗಿ ಅಲ್ಲ, ಪ್ರಮೋಷನ್ನಿಗಾಗಿಯೂ ಅಲ್ಲ, ಫ್ಯಾನಿಗಾಗಿ. ಮುಂಬಯಿ ಕಾಂದಿವಲಿಯ ಅಕ್ಟೋಬರ್ ಸೆಕೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ಲಾಸು ಮುಗಿಸಿ, ಬೆನ್ನಿಗೆ ಅಂಗಿ ಅಂಟಿಸಿಕೊಂಡು ಬಂದು ಸ್ವಿಚ್ಚಿಗೆ ಕೈ ಹಾಕಿದರೆ ಮೂಲೆಯಿಂದ ಮೇಡಂ ಸ್ವರ ಕೇಳುತ್ತಿತ್ತು: ಫ್ಯಾನ್ ಬೇಡ, ಎಲೆ ಹಾರ್ತದೆ. ಕಪಾಟಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಯಾರೂ ಕೂರದ ಬೆಂಚಿನ ಮೇಲೆ ಮರಾಠಿ ಪೇಪರು ಹಾಸಿ ಬೇವು, ಲಕ್ಕಿ, ಪೇರಳೆ, ಸೀತಾಫಲ, ನುಗ್ಗೆ ಎಲೆಗಳನ್ನು ಹರವಿರುತ್ತಿದ್ದರು. ಎಲೆ ನೆರಳಲ್ಲೇ ಒಣಗಬೇಕು, ಬಿಸಿಲು ತಾಗಿದರೆ ಅದರ ಗುಣ ಹೋಗುತ್ತದೆ ಎನ್ನುವುದು ಅವರ ಕಟ್ಟಳೆ. ಇಡೀ ಕಟ್ಟಡದಲ್ಲಿ ಬಿಸಿಲು ಬೀಳದ ಜಾಗ ನಮ್ಮ ಸ್ಟಾಫ್ ರೂಮು ಒಂದೇ. ಇಕನಾಮಿಕ್ಸಿನ ಒಬ್ಬರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಪ್ರಿನ್ಸಿಪಾಲರು ಬಂದು ನೋಡಿ, ಒಂದು ಹಿಡಿ ಬೇವಿನೆಲೆ ತಮ್ಮ ಮನೆಗೂ ಬೇಕೆಂದು ಇಸಿದುಕೊಂಡು ಹೋದರು.

ನಾನೂ ಒಮ್ಮೆ ತಡೆಯಲಾರದೆ, “ಮೇಡಂ, ನಿಮ್ಮ ಎಲಿ ಒಣಗೂದ್ರಾಗ ನಾವ ಒಣಗಿ ಹೋಗ್ತೇವ್ರಿ,” ಎಂದೆ.

“ನಿಮ್ಮನ್ನು ಒಣಗಿಸಿ ಪುಡಿ ಮಾಡಿದ್ರೂ ಯಾವ ರೋಗಕ್ಕೂ ಆಗ್ಲಿಕ್ಕಿಲ್ಲ ಮಾರಾಯ್ರೆ. ಕೂತ್ಕೊಳ್ಳಿ,” ಎಂದರು.

ಕೂತುಕೊಂಡೆ. ಅಂದಿನಿಂದ ಅವರು ನಿವೃತ್ತರಾಗುವ ತನಕ ಅವರ ಪಕ್ಕದ ಕುರ್ಚಿಯೇ ನನ್ನದಾಯಿತು. ಅವರು ಹೋದ ತಿಂಗಳು ತೀರಿಕೊಂಡರು. ವಡಾಲದ ಮನೆಯಲ್ಲಿ ಬೆಳಗಿನ ಚಹಾ ಮಾಡಿಕೊಂಡು ಕೂತವರು ಕೂತಲ್ಲೇ ಹೋಗಿಬಿಟ್ಟರಂತೆ, ಹೃದಯ ನಿಂತಿತು ಎಂದರು ಡಾಕ್ಟರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು, ನಮ್ಮ ಕಾಲೇಜಿನಲ್ಲಿ ಹತ್ತಾರು ಮೇಡಂಗಳಿದ್ದರೂ ಬರೇ ಮೇಡಂ ಎಂದರೆ ಅವರೇ.

ಮೇಡಂ ಉಡುಪಿಯ ಕಡೆಯವರು, ನಾನು ಬಾಗಲಕೋಟೆಯ ಕಡೆಯವನು. ಅವರ ಮನೆಮಾತು ತುಳು, ನನ್ನದು ಮುಂಬಯಿಯ ಹಿಂದಿ ಮರಾಠಿ ಎಲ್ಲ ಬೆರೆತು ಹಾಳಾದ ಕನ್ನಡ. ನಾನು ‘ರೀ’ ಹಚ್ಚಿ ಮಾತಾಡಿದರೆ ಅವರಿಗೆ ನಗು, ಅವರು ‘ಎಂತದು ಮಾರಾಯ್ರೆ’ ಎಂದರೆ ನನಗೆ ನಗು. ಇಬ್ಬರೂ ಬಾಟನಿ ವಿಭಾಗದಲ್ಲಿ ಇದ್ದೆವು, ಅವರು ಹಿರಿಯರು. ಮದುವೆ ಆಗಿರಲಿಲ್ಲ. ದಿನಾ ಬೆಳಗ್ಗೆ ವಡಾಲದಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು, ಅಂಧೇರಿಯಲ್ಲಿ ಗಾಡಿ ಬದಲಿಸಿ ಬರುತ್ತಿದ್ದರು. ದಾರಿಯಲ್ಲಿ ಯಾರದ್ದಾದರೂ ಕಾಂಪೌಂಡಿನಿಂದ ಗಿಡ ಹೊರಗೆ ಚಾಚಿದ್ದರೆ ಒಂದು ಎಲೆ ಕಿತ್ತು, ಬೆರಳಲ್ಲಿ ಹೊಸೆದು ಮೂಸದೆ ಮುಂದೆ ಹೋಗುತ್ತಿರಲಿಲ್ಲ. ಅವರ ಪರ್ಸಿನಲ್ಲಿ ಯಾವಾಗಲೂ ಪೇಪರಲ್ಲಿ ಸುತ್ತಿದ ಯಾವುದಾದರೂ ಒಂದು ಸೊಪ್ಪು ಇರುತ್ತಿತ್ತು. ಒಮ್ಮೆ ಸ್ಟೇಷನ್ನಿನಲ್ಲಿ ಪೊಲೀಸಿನವನೊಬ್ಬ ಚೀಲ ತೆರೆಸಿ ಅನುಮಾನದಿಂದ ಕೇಳಿದ್ದಕ್ಕೆ, ಅವನ ಮೂಗಿಗೇ ಹಿಡಿದು ಇದು ಯಾವ ಎಲೆ ಹೇಳು ಎಂದು ಪ್ರಶ್ನೆ ಕೇಳಿದ ಹೆಂಗಸು ಇವರು.

ಅವರ ಕೆಲಸ ಇಷ್ಟೇ. ಒಣಗಿದ ಎಲೆಯ ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ ಸಾರ ಇಳಿಸುವುದು. ಗಾಜಿನ ಚಿಕ್ಕ ತಟ್ಟೆಯಲ್ಲಿ ರೋಗ ತರುವ ಕ್ರಿಮಿಗಳನ್ನು ಸವರಿ, ಎಲೆಯ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುವುದು. ಮರುದಿನ ನೋಡಿದರೆ ತಟ್ಟೆ ತುಂಬ ಕ್ರಿಮಿ ಮಸುಕು ಮಸುಕಾಗಿ ಬೆಳೆದಿರುತ್ತದೆ. ಎಲೆಯಲ್ಲಿ ಕಸುವಿದ್ದರೆ ಆ ಬಿಲ್ಲೆಯ ಸುತ್ತ ಮಾತ್ರ ಕ್ರಿಮಿ ಬೆಳೆಯದೆ ಒಂದು ತಿಳಿಯಾದ ಉಂಗುರ ಬಿದ್ದಿರುತ್ತದೆ. ಉಂಗುರ ಬಿದ್ದರೆ ಹುಡುಗರು ಕುಣಿಯುತ್ತಿದ್ದರು. ಮೇಡಂ ಕನ್ನಡಕ ಏರಿಸಿ ಮೊದಲು ನೋಡುತ್ತಿದ್ದುದು ಉಂಗುರವನ್ನಲ್ಲ, ಅದೇ ತಟ್ಟೆಯ ಇನ್ನೊಂದು ಬದಿಯ ಬಿಲ್ಲೆಯನ್ನು. ಅದರಲ್ಲಿ ಎಲೆಯ ಸಾರ ಇರುವುದಿಲ್ಲ, ಬರೀ ಆಲ್ಕೋಹಾಲ್ ಹಾಕಿ ಆರಿಸಿರುತ್ತಾರೆ. ಅದರ ಸುತ್ತಲೂ ಉಂಗುರ ಬಿದ್ದಿದ್ದರೆ ಕ್ರಿಮಿಯನ್ನು ಕೊಂದದ್ದು ಎಲೆಯಲ್ಲ ಎಂದಾಯಿತು. ಅದಕ್ಕೆ ಪುಸ್ತಕದಲ್ಲಿ ಏನೋ ಇಂಗ್ಲಿಷ್ ಹೆಸರಿದೆ. ಮೇಡಂ ಖಾಲಿ ಬಿಲ್ಲೆ ಎನ್ನುತ್ತಿದ್ದರು. ಬಿಹಾರದ ಹುಡುಗರು, ಗುಜರಾತಿ ಹುಡುಗಿಯರು ಎಲ್ಲರೂ ಅದೇ ಹೆಸರು ಕಲಿತಿದ್ದರು.

ಖಾಲಿ ಬಿಲ್ಲೆಯನ್ನು ಅವರು ಲ್ಯಾಬಿನಲ್ಲೇ ಬಿಟ್ಟು ಬರುತ್ತಿರಲಿಲ್ಲ. ತಾವು ಬಂದ ಮೇಲೆ ಅಡ್ಮಿಷನ್ ಹೆಚ್ಚಾಯಿತೆಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೇಳಿಕೊಂಡಾಗ, ನೀವು ಹೋಗದೆ ಇದ್ದ ಕಾಲೇಜಿನಲ್ಲಿ ಎಷ್ಟು ಹೆಚ್ಚಾಗಿದೆ ನೋಡಿದ್ದೀರಾ ಸರ್ ಎಂದು ಕೇಳಿ ಎಲ್ಲರನ್ನೂ ಮುಖ ಮರೆಸಿಕೊಂಡು ನಗುವಂತೆ ಮಾಡಿದ್ದರು. ನಾನು ಒಮ್ಮೆ, ಗುರುವಾರದ ಉಪವಾಸದಿಂದ ನನ್ನ ಮಂಡಿನೋವು ಹೋಯಿತೆಂದಾಗ, ಉಪವಾಸ ಮಾಡದ ಮಂಡಿ ಎಲ್ಲಿ ತೋರಿಸಿ ಎಂದರು.

ಹುಡುಗರು ತಮ್ಮ ತಮ್ಮ ಅಜ್ಜಿಯರ ಎಲೆ ತರುತ್ತಿದ್ದರು. ರತ್ನಾಗಿರಿಯ ಅಜ್ಜಿ, ಆಜಂಗಢದ ಅಜ್ಜಿ, ಎಲ್ಲರಿಗೂ ಒಂದೇ ಮರ್ಯಾದೆ. ನಾನೂ ನಮ್ಮವ್ವ ತುರಿಕೆಗೆ ಅರೆದು ಹಚ್ಚುತ್ತಿದ್ದ ಸೊಪ್ಪು ತಂದೆ. ನಮ್ಮವ್ವ ಬೊರಿವಲಿಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು, ಸಿಮೆಂಟಿನಿಂದ ಕೈ ಒಡೆದಾಗ ಆ ಸೊಪ್ಪೇ ಅವಳಿಗೆ ಆಸ್ಪತ್ರೆ. ಉಂಗುರ ಬೀಳಲಿಲ್ಲ. ನನ್ನ ಮುಖ ಸಣ್ಣದಾಯಿತು. ಮೇಡಂ ಅದನ್ನು ಗಮನಿಸಿ, ನಿಮ್ಮ ಅಮ್ಮ ಸುಳ್ಳು ಹೇಳಿದ್ದಲ್ಲ, ಈ ಕ್ರಿಮಿಯ ಮೇಲೆ ಈ ಎಲೆ ನಡೆಯಲಿಲ್ಲ, ನಮಗೆ ಗೊತ್ತಾದದ್ದು ಅಷ್ಟೇ ಎಂದರು. ಉಂಗುರ ಬಿದ್ದವರಿಗೂ ಅವರ ಮಾತು ಅಷ್ಟೇ ಬಿಗಿ. “ಇನ್ನೊಮ್ಮೆ ಮಾಡು,” ಎನ್ನುತ್ತಿದ್ದರು. ಮತ್ತೆ ಬಂದರೆ, ಮತ್ತೆ ಇನ್ನೊಮ್ಮೆ. ಕೊನೆಗೆ ಒಪ್ಪಿದರೂ ವರದಿಯಲ್ಲಿ ‘ತಟ್ಟೆಯ ಮೇಲೆ’ ಎಂಬ ಮಾತು ಇಲ್ಲದಿದ್ದರೆ ಸಹಿ ಹಾಕುತ್ತಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಸತ್ತ ಕ್ರಿಮಿ ಮನುಷ್ಯನ ಮೈಯಲ್ಲಿ ಸಾಯುತ್ತದೆ ಎಂದು ಯಾರು ಹೇಳಿದರು ನಿನಗೆ ಎಂದು ಗದರುತ್ತಿದ್ದರು. ನನಗಂತೂ ಆಗ ಅದು ಅತಿ ಅನ್ನಿಸುತ್ತಿತ್ತು. ಒಂದು ಸಲವಾದರೂ ಶಭಾಸ್ ಎನ್ನಬಾರದೇ ಈ ಹೆಂಗಸು ಎಂದು ಸಿಟ್ಟು ಬರುತ್ತಿತ್ತು.

ಮೇಡಂ ಸಲುಗೆಯಿಂದ ಮಾತಾಡುತ್ತಿದ್ದುದು ಒಬ್ಬರೇ ಒಬ್ಬರ ಜೊತೆ, ಅವರ ಅಣ್ಣ. ಕಾಂದಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅವರು ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಲೋಟ ತಟ್ಟೆ ತೊಳೆದು, ಆಮೇಲೆ ಕಾವಲಿಗೆ ಬಡ್ತಿ ಪಡೆದವರು. ತಂದೆ ಮೊದಲೇ ಇರಲಿಲ್ಲ, ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಮುಂಬಯಿಗೆ ಕರೆಸಿಕೊಂಡು ಎಂ.ಎಸ್ಸಿ. ತನಕ ಓದಿಸಿದರು. ತಾವು ಓದದ್ದಕ್ಕೆ ಅವರಿಗೆ ಬೇಸರ ಇದ್ದಂತೆ ಕಾಣಲಿಲ್ಲ, ತಂಗಿ ಓದಿದ್ದಕ್ಕೆ ಮಾತ್ರ ಬಹಳ ಹೆಮ್ಮೆ. ಮಧ್ಯಾಹ್ನ ಹೋಟೆಲಿನ ಗಡಿಬಿಡಿ ಇಳಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಗೋಳಿಬಜೆ ಹಾಕಿಕೊಂಡು ಕಾಲೇಜಿಗೆ ಬರುತ್ತಿದ್ದರು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ಕೈಕಟ್ಟಿ, ಬಾಗಿಲಲ್ಲಿ ನಿಂತು ತಂಗಿಯ ಪಾಠ ಕೇಳುತ್ತಿದ್ದರು. ಖಾಲಿ ಬಿಲ್ಲೆಯ ಪಾಠ ಅವರಿಗೂ ಬಾಯಿಪಾಠ ಆಗಿತ್ತು. ಹೋಟೆಲಿನಲ್ಲಿ ಹೊಸ ಸಾಂಬಾರ್ ಪುಡಿ ಬಂದರೆ, ಹಳೆಯದರದ್ದೂ ಒಂದು ಪಾತ್ರೆ ಪಕ್ಕದಲ್ಲಿ ಇಡಿ, ಇಲ್ಲದಿದ್ದರೆ ಹೇಗೆ ಗೊತ್ತಾಗುವುದು ಎಂದು ಉಳಿದವರಿಗೆ ಪಾಠ ಮಾಡುತ್ತಿದ್ದರಂತೆ.

ಆ ಹೋಟೆಲಿನ ಹಿಂಬದಿಯಲ್ಲಿ ಪೈಂಟಿನ ಹಳೆ ಡಬ್ಬಿಯಲ್ಲಿ ಅವರು ಕಾಡುಬಸಳೆ ಬೆಳೆಸಿದ್ದರು. ದಪ್ಪ ಎಲೆಯ ಗಿಡ. ಅಡುಗೆಯವರಿಗೆ ಬೆಂದ ಗಾಯ, ಕತ್ತಿ ತಾಗಿದ ಗಾಯ ತಪ್ಪಿದ್ದಲ್ಲ. ಗಾಯವಾದರೆ ಒಂದು ಎಲೆ ಕಿತ್ತು, ಕಾವಲಿಯ ಅಂಚಿನಲ್ಲಿ ಬಾಡಿಸಿ, ಹಿಂಡಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ನಿಲ್ಲುವುದು ಅಲ್ಲಿಯ ಪದ್ಧತಿ. ಅದು ಈ ಅಣ್ಣ ತಂಗಿಯ ಅಮ್ಮನ ಮದ್ದು. ನೀನು ಎಲ್ಲರ ಅಜ್ಜಿಯ ಎಲೆಯನ್ನೂ ನೋಡಿದೆ, ನಮ್ಮ ಅಮ್ಮನ ಎಲೆಯನ್ನು ಯಾವಾಗ ನೋಡುವುದು ಎಂದು ಅಣ್ಣ ಬಂದಾಗಲೆಲ್ಲ ಕೇಳುತ್ತಿದ್ದರು. ಮೇಡಂ ನೋಡುವ ನೋಡುವ ಎಂದು ಜಾರಿಕೊಳ್ಳುತ್ತಿದ್ದರು. ತಮ್ಮ ಮನೆಯ ಎಲೆ ಎಂದ ಕೂಡಲೆ ಕಣ್ಣು ಒಂದು ಕಡೆ ವಾಲುತ್ತದೆ ಎನ್ನುವ ಭಯ ಅವರಿಗೆ. ಕೊನೆಗೆ ಒಪ್ಪಿದರು.

ಕಾಡುಬಸಳೆ ಒಣಗಲಿಲ್ಲ. ಪೇಪರಿನ ಮೇಲೆ ಹರವಿಟ್ಟ ಎಲೆಗಳು ಬಾಡುವ ಬದಲು ಅಂಚಿನಿಂದ ಪುಟ್ಟ ಪುಟ್ಟ ಮೊಳಕೆ ಬಿಟ್ಟವು, ಬೇರು ಇಳಿಸಿದವು. ಸ್ಟಾಫ್ ರೂಮಿನ ಕಪಾಟಿನ ಮೇಲೆ ತೋಟವೇ ಎದ್ದಿತು. ಇಕನಾಮಿಕ್ಸಿನವರು ಇನ್ನು ನೀರು ಹಾಕುವುದೊಂದು ಬಾಕಿ ಎಂದರು. ಮೇಡಂ ಎಲೆಗಳನ್ನು ಸಣ್ಣಗೆ ಹೆಚ್ಚಿ, ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ತಾವೇ ಹೋಗಿ ಫ್ಯಾನ್ ಹಾಕಿದರು. ಅವರ ಕೈಯಿಂದ ಆ ಫ್ಯಾನ್ ತಿರುಗಿದ್ದನ್ನು ನಾವೆಲ್ಲ ಚಪ್ಪಾಳೆ ತಟ್ಟಿ ಸ್ವಾಗತಿಸಿದೆವು.

ಉಂಗುರ ಬಿತ್ತು. ಖಾಲಿ ಬಿಲ್ಲೆಯ ಸುತ್ತ ಏನೂ ಇರಲಿಲ್ಲ. ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು, ನನ್ನ ಕೈಯಲ್ಲಿ ಬೇರೆಯಾಗಿ ಮಾಡಿಸಿದರು. ಪ್ರತಿ ಸಲವೂ ಬಿತ್ತು. ಆ ದಿನ ಮೇಡಂ ನಕ್ಕ ಹಾಗೆ ಮತ್ತೆ ನಕ್ಕದ್ದನ್ನು ನಾನು ನೋಡಿಲ್ಲ. ತಟ್ಟೆಯ ಫೋಟೋ ತೆಗೆದು ಅಣ್ಣನ ಮೊಬೈಲಿಗೆ ಕಳಿಸಿದರು. ‘ತಟ್ಟೆಯ ಮೇಲೆ’ ಎಂಬ ಮಾತನ್ನು ಅದರ ಜೊತೆ ಕಳಿಸಿರಲಿಲ್ಲ.

ಅಣ್ಣ ಆ ಫೋಟೋವನ್ನು ದೊಡ್ಡದು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಹೋಟೆಲಿನ ಅಡುಗೆಮನೆಯಲ್ಲಿ ಕೃಷ್ಣನ ಪಟದ ಪಕ್ಕದಲ್ಲಿ ತೂಗುಹಾಕಿದರು. ಕ್ರಿಮಿಯ ತಟ್ಟೆಗೂ ದಿನಾ ಬೆಳಗ್ಗೆ ಊದುಬತ್ತಿ ಬೀಳತೊಡಗಿತು. ನಾನೂ ಮೇಡಂ ಜೊತೆ ಹೋಗಿ ನೋಡಿದೆ. ಎಂತ ಮರುಳು ಅಣ್ಣ ಇದು, ತೆಗಿ ಮೊದಲು ಎಂದು ಮೇಡಂ ಜೋರು ಮಾಡಿದರು. ಅವರು ದೋಸೆ ಮಗುಚುತ್ತ, “ಅಮ್ಮನದ್ದೊಂದು ಫೋಟೋ ಅಂತ ನಮ್ಮಲ್ಲಿ ಇಲ್ಲವಲ್ಲ. ಇದಾದ್ರೂ ಇರಲಿ,” ಎಂದರು. ಪಟ ಅಲ್ಲೇ ಉಳಿಯಿತು.

ಅಣ್ಣನಿಗೆ ಶುಗರ್ ಇತ್ತು. ಜೀವಮಾನವಿಡೀ ನಿಂತು ಕೆಲಸ ಮಾಡಿದ ಕಾಲು, ಪಾದಕ್ಕೆ ಸ್ಪರ್ಶ ಅಷ್ಟಕ್ಕಷ್ಟೇ ಆಗಿತ್ತು. ಆ ವರ್ಷ ಅಯ್ಯಪ್ಪನ ಮಾಲೆ ಹಾಕಿಕೊಂಡರು. ಮಾಲೆ ಹಾಕಿದವರು ಚಪ್ಪಲಿ ಮೆಟ್ಟುವಂತಿಲ್ಲ. ಬೊರಿವಲಿಯ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಹೋಟೆಲಿಗೆ, ನಡುಮಧ್ಯಾಹ್ನ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಾಡಿ ಎರಡೂ ಅಂಗಾಲುಗಳಲ್ಲಿ ಗುಳ್ಳೆ ಎದ್ದವು. ನೋವೇ ಇಲ್ಲದ್ದರಿಂದ ಗುಳ್ಳೆ ಒಡೆದ ಮೇಲೆ ಅವರಿಗೆ ಗೊತ್ತಾಯಿತು. ಇದಾವುದೂ ಮೇಡಂಗೆ ತಿಳಿದಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವ ಕಾಲ, ಅಣ್ಣ ಯಾಕೋ ಬರಲಿಲ್ಲ, ವ್ರತದ ಓಡಾಟದಲ್ಲಿ ಇರಬೇಕು ಎಂದುಕೊಂಡಿದ್ದರು.

ಒಂದು ಭಾನುವಾರ ಮೇಡಂಗೆ ಅವರ ಅತ್ತಿಗೆ, ಅಣ್ಣನ ಹೆಂಡತಿ, ಫೋನ್ ಮಾಡಿದರು. ಮೇಡಂ ವಡಾಲದಿಂದ ಹೊರಟು ನನಗೂ ಹೇಳಿದರು, ಬೊರಿವಲಿ ಸ್ಟೇಷನ್ನಿನಲ್ಲಿ ಕೂಡಿಕೊಂಡೆ. ಮನೆಯೊಳಗೆ ಕಾಲಿಟ್ಟಾಗಲೇ ವಾಸನೆ ಮೂಗಿಗೆ ಬಡಿಯಿತು. ಅಣ್ಣ ಮಂಚದ ಮೇಲೆ ಮೊಣಕಾಲಿನಿಂದ ಕೆಳಗೆ ಚಾದರ ಹೊದ್ದು ಕೂತಿದ್ದರು. ಜ್ವರದಿಂದ ಕಣ್ಣು ಕೆಂಪಾಗಿತ್ತು. ಆದರೂ ತಂಗಿಯನ್ನು ಕಂಡು ನಾಚಿಕೆಯೂ ಖುಷಿಯೂ ಬೆರೆತ ಮುಖ ಮಾಡಿದರು. ಮೇಡಂ ಚಾದರ ಸರಿಸಿದರು. ಬಲಗಾಲಿಗೆ ಹಸಿರು ಇಳಿದ ಬಟ್ಟೆ ಸುತ್ತಿತ್ತು. ಎಡಗಾಲಿಗೆ ಏನೂ ಇರಲಿಲ್ಲ. ಅದರ ಹೆಬ್ಬೆರಳು ಕಪ್ಪಾಗಿ, ಪಾದ ಊದಿ, ಅಂಗಾಲಿನ ಗಾಯ ಕೀವು ತುಂಬಿ ಬಾಯಿ ಬಿಟ್ಟಿತ್ತು.

“ಇದಕ್ಕೆ ಎಲೆ ಕಟ್ಟಿದ್ದೇನೆ,” ಎಂದು ಬಲಗಾಲು ತೋರಿಸಿದರು ಅಣ್ಣ. “ಇದು ಖಾಲಿ ಬಿಲ್ಲೆ. ಎರಡರಲ್ಲೂ ಒಂದೇ ದಿನ ಎದ್ದ ಗುಳ್ಳೆ. ಖಾಲಿ ಬಿಲ್ಲೆ ಇಲ್ಲದಿದ್ರೆ ನೀನು ಒಪ್ಪುವವಳಲ್ಲ ಅಂತ ನನಗೆ ಗೊತ್ತುಂಟು. ತಟ್ಟೆಯಲ್ಲಿ ನೋಡಿದ್ದಾಯ್ತು, ಮೈಯಲ್ಲೂ ಆಗ್ಲಿ ಅಂತ. ಪೂರಾ ಗುಣ ಆದ ಮೇಲೆ ನಿನಗೆ ಹೇಳುವ ಅಂತ ಇದ್ದೆ.”

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆ ಮನುಷ್ಯ ಮೈಮರೆವಿನಿಂದ ಕಾಲು ಕೆಡಿಸಿಕೊಂಡದ್ದಲ್ಲ. ತಂಗಿಯ ಪ್ರಯೋಗ ಸರಿಯಾಗಬೇಕೆಂದು ಒಂದು ಕಾಲಿಗೆ ಎಲೆ ಕಟ್ಟಿ, ಇನ್ನೊಂದಕ್ಕೆ ಎಲೆಯನ್ನೂ ಮುಟ್ಟಿಸದೆ, ಡಾಕ್ಟರನ್ನೂ ಮುಟ್ಟಿಸದೆ ಕಾದು ಕೂತಿದ್ದರು. ಮೇಡಂ ನೆಲದ ಮೇಲೆ ಕೂತು ಆ ಎಡಗಾಲನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಕೀವು ಸೀರೆಗೆ ಇಳಿಯಿತು. ಅವರು ಅಳಲಿಲ್ಲ, ಅಣ್ಣನನ್ನು ಬೈಯಲಿಲ್ಲ. ನನ್ನ ಕಡೆ ನೋಡದೆಯೇ ರಿಕ್ಷಾ ತರಲು ಹೇಳಿದರು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರ ಹತ್ತಿರ ಹೋಗುವ ಎಂದು ಅವರು ಗಂಡನ ಕೈಹಿಡಿದು ಎಳೆದಿದ್ದರಂತೆ, ಇದು ತಂಗಿಯ ಕೆಲಸ, ನಡುವೆ ಕೈ ಹಾಕಬೇಡ ಎಂದಿದ್ದರಂತೆ ಅಣ್ಣ. ನಾವು ಅಣ್ಣನನ್ನು ಎತ್ತಿಕೊಂಡು ಹೊರಗೆ ಬರುವಾಗ ಅತ್ತಿಗೆ ಮೇಡಂ ಮುಖ ನೋಡಿ, “ನಿನ್ನ ಪರೀಕ್ಷೆ ಮುಗೀತಾ ಈಗ?” ಎಂದರು. ಮೇಡಂ ತಲೆ ತಗ್ಗಿಸಿ ರಿಕ್ಷಾ ಹತ್ತಿದರು.

ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ವಿಷ ರಕ್ತಕ್ಕೆ ಏರಿಯಾಗಿತ್ತು. ಕೆಲವು ದಿನ ಆಸೆ ಹುಟ್ಟಿಸಿ, ಒಂದು ಬೆಳಗ್ಗೆ ಅಣ್ಣ ತೀರಿಕೊಂಡರು. ಹೋಟೆಲಿನ ಹುಡುಗರು ಅಂದು ಕಾವಲಿ ಹಚ್ಚಲಿಲ್ಲ. ಪಟವನ್ನು ಯಾರು ಇಳಿಸಿದರೋ ಗೊತ್ತಿಲ್ಲ, ಮುಂದೆ ನಾನು ಹೋದಾಗ ಗೋಡೆಯಲ್ಲಿ ಕೃಷ್ಣ ಒಬ್ಬನೇ ಇದ್ದ.

ಮೇಡಂ ಮತ್ತೆ ಕೆಲಸಕ್ಕೆ ಬಂದರು. ಪಾಠ, ಪ್ರಾಕ್ಟಿಕಲ್, ಎಲೆ ಒಣಗಿಸುವುದು ಎಲ್ಲ ನಡೆಯಿತು. ಫ್ಯಾನ್ ಹಾಕಿದರೆ ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ, ಎಲೆ ಹಾರಿದರೆ ಬಗ್ಗಿ ಆರಿಸಿಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ನಾವೇ ಫ್ಯಾನ್ ಹಾಕುವುದನ್ನು ಬಿಟ್ಟೆವು. ತಟ್ಟೆಯ ಮೇಲೆ ಎಲೆಯ ಬಿಲ್ಲೆಗಳನ್ನೆಲ್ಲ ಅವರೇ ಇಡುತ್ತಿದ್ದರು. ಖಾಲಿ ಬಿಲ್ಲೆಯ ಸರದಿ ಬಂದಾಗ ಚಿಮಟವನ್ನು ನನ್ನ ಕೈಗೆ ಕೊಟ್ಟು, ನೀವು ಇಡಿ ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಹೊಸದಾಗಿ ಸೇರಿದ ಮೇಷ್ಟ್ರೊಬ್ಬ ಈ ಕಥೆ ಕೇಳಿ, ಎಲೆ ಕಟ್ಟಿದ ಕಾಲು ಉಳಿದಿತ್ತಲ್ಲ, ಬರೆದರೆ ಒಳ್ಳೆಯ ಪೇಪರ್ ಆಗುತ್ತದೆ ಎಂದುಬಿಟ್ಟ. ಅವನನ್ನು ವರಾಂಡಕ್ಕೆ ಎಳೆದೊಯ್ದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆ ಹೊತ್ತು ಅವರು ನೇರ ವಡಾಲಕ್ಕೆ ಹೋಗುತ್ತಿರಲಿಲ್ಲ. ಊಟ ಮುಗಿದು ತಿಂಡಿ ಇನ್ನೂ ಶುರುವಾಗದ ಹೊತ್ತಿಗೆ ಕಾಂದಿವಲಿ, ಬೊರಿವಲಿಯ ಹೋಟೆಲುಗಳ ಹಿಂಬಾಗಿಲಿಗೆ ಹೋಗುತ್ತಿದ್ದರು. ಅಡುಗೆಯವರನ್ನು, ಮಾಣಿಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಾಲು ತೋರಿಸಿ ಎನ್ನುತ್ತಿದ್ದರು. ಪ್ರೊಫೆಸರ್ ಅಕ್ಕನ ಕೈಗೆ ಕಾಲು ಕೊಡಲು ಅವರು ನಾಚಿ ಮಂಡಿ ಮಡಚಿದರೆ ಬಿಡುತ್ತಿರಲಿಲ್ಲ. ಎಲೆ ಕಟ್ಟಬೇಡಿ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಕಟ್ಟುವುದಾದರೆ ಕಟ್ಟಿ, ಡಾಕ್ಟರಿಗೆ ಕಾಲು ತೋರಿಸಿ ಬಂದು ಕಟ್ಟಿ ಎನ್ನುತ್ತಿದ್ದರು. ಕೆಲವರನ್ನು ತಾವೇ ರಿಕ್ಷಾದಲ್ಲಿ ಕರೆದೊಯ್ದರು.

ಅವರು ನಿವೃತ್ತರಾಗುವ ವರ್ಷ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ಕಪಾಟು ಖಾಲಿ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಸ್ಟೂಲಿನ ಮೇಲೆ ಕೂತು, ನಾನು ಕೇಳದೆಯೇ ಹೇಳತೊಡಗಿದರು. ಕಾಲು ಕತ್ತರಿಸಿದ ಮೇಲೆ ಒಂದು ಸಂಜೆ ಅಣ್ಣನಿಗೆ ಒಳ್ಳೆಯ ಎಚ್ಚರ ಇತ್ತಂತೆ. ಅತ್ತಿಗೆ ತಲೆಯ ಹತ್ತಿರ ಕೂತಿದ್ದರು, ಮೇಡಂ ಕಾಲಿನ ಕಡೆ. ಅಣ್ಣ ಬಲಗಾಲಿನ ಬಟ್ಟೆ ಬಿಚ್ಚಿಸಿ ನೋಡಿಕೊಂಡು, ಗಾಯ ಒಣಗಿದೆಯಲ್ಲ, ಹಾಗಾದರೆ ಅಮ್ಮನ ಎಲೆ ಪಾಸಲ್ಲವಾ ಎಂದು ಕೇಳಿದರಂತೆ.

“ನಾನು ಹೇಳಿದೆ, ಇನ್ನೊಮ್ಮೆ ಮಾಡಬೇಕು ಅಣ್ಣ ಅಂತ,” ಎಂದರು ಮೇಡಂ.

ಅವರೇ ಮುಂದುವರಿಸಿದರು. ಕಾವಲಿಯ ಮುಂದೆ ನಿಂತವರು ಒಂದು ಕಾಲಿನ ಮೇಲೆ ಭಾರ ಬಿಡುತ್ತಾರೆ, ಅಣ್ಣ ಯಾವಾಗಲೂ ಎಡಗಾಲಿನ ಮೇಲೆ ಬಿಡುತ್ತಿದ್ದ, ಆ ಕಾಲಿಗೆ ರಕ್ತದ ಓಟ ಮೊದಲೇ ಕಡಿಮೆ ಇತ್ತಂತೆ, ಡಾಕ್ಟರೂ ಅದನ್ನೇ ಹೇಳಿದರು. ಹಾಗಾಗಿ ಎಲೆಯಿಂದ ಬಲಗಾಲು ಉಳಿಯಿತು ಎಂದು ಹೇಳುವ ಹಾಗೆ ಇರಲಿಲ್ಲ, ಇಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಇಷ್ಟೆಲ್ಲ ಲೆಕ್ಕ ಆ ಗಳಿಗೆಯಲ್ಲಿ ತಲೆಗೆ ಬಂತು, ಬಾಯಿಗೆ ಹುಡುಗರಿಗೆ ಹೇಳುವ ಆ ಮಾತೇ ಬಂತು. ಅಷ್ಟರಲ್ಲಿ ನರ್ಸ್ ಬಂದು ಔಷಧಿ ತರಲು ಕಳಿಸಿದಳು. ತಿರುಗಿ ಬರುವಾಗ ಅಣ್ಣನಿಗೆ ಉಸಿರು ಕಟ್ಟಿ ಮೇಲಿನ ಮಹಡಿಗೆ ಒಯ್ದಿದ್ದರು. ಮತ್ತೆ ಮಾತಾಡಲಿಲ್ಲ.

“ಎಷ್ಟು ಮಕ್ಕಳಿಗೆ ಗ್ರೇಸ್ ಮಾರ್ಕ್ ಕೊಟ್ಟು ಪಾಸ್ ಮಾಡಿದ್ದೇನೆ ನಾನು,” ಎಂದರು. “ನನ್ನ ಅಣ್ಣನಿಗೆ ಕೊಡಲಿಲ್ಲ.”

ಆಗ ಅವರು ಅತ್ತರು. ನನಗಿಂತ ಹಿರಿಯ ಹೆಂಗಸು ನನ್ನೆದುರಿಗೆ ಹಾಗೆ ಅಳುತ್ತಿದ್ದರೆ ಏನು ಮಾಡಬೇಕೆಂದು ತೋಚದೆ, ನೀರಿನ ಬಾಟಲಿ ಹಿಡಿದು ನಿಂತೆ. ಅಣ್ಣ ಬೇಸರ ಮಾಡಿಕೊಂಡು ಹೋದನೆಂದು ನಿಮಗೆ ಅನ್ನಿಸುತ್ತದಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದೆ. ನೀವು ಅಲ್ಲಿ ಇರಲಿಲ್ಲ, ನಿಮಗೆ ಹೇಗೆ ಗೊತ್ತು ಎಂದರು. ಇದ್ದವರು ಅತ್ತಿಗೆ ಒಬ್ಬರೇ. ಅಣ್ಣ ಆಮೇಲೆ ಏನಾದರೂ ಹೇಳಿದನಾ ಎಂದು ಅವರನ್ನು ಕೇಳಬೇಕೆಂದು ಪ್ರತಿ ಹಬ್ಬಕ್ಕೂ ಬೊರಿವಲಿಗೆ ಹೋಗುತ್ತೇನೆ, ಅವರು ಚಹಾ ತಂದಿಟ್ಟು ಒಳಗೆ ಹೋಗುತ್ತಾರೆ, ನನ್ನ ಬಾಯಿ ಏಳುವುದಿಲ್ಲ ಎಂದರು. ನಾನು ಹೋಗಿ ಕೇಳಲೇ ಎಂದದ್ದಕ್ಕೆ ಬೇಡವೆಂದು ಕೈ ಹಿಡಿದರು. ಅತ್ತಿಗೆಯ ಸಿಟ್ಟು ನ್ಯಾಯವಾದದ್ದು, ಅದು ಹಾಗೆಯೇ ಇರಲಿ ಎಂದರು.

ನಿವೃತ್ತರಾದ ಮೇಲೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಯಾವ ಮಾತು ಶುರುಮಾಡಿದರೂ ಅವರು ಆ ಸಂಜೆಗೆ ಬಂದು ನಿಲ್ಲುತ್ತಿದ್ದರು. ಪಾಸ್ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎನ್ನುತ್ತಿದ್ದರು. ಸಮಾಧಾನ ಹೇಳಿ ಹೇಳಿ ನನಗೆ ಮಾತು ಮುಗಿದುಹೋಗಿತ್ತು, ಕೆಲವು ಸಲ ಸಿಡುಕಿಯೂ ಇದ್ದೆ. ಹೋದ ತಿಂಗಳು ಪಕ್ಕದ ಮನೆಯವರ ಫೋನ್ ಬಂತು.

ಉತ್ತರಕ್ರಿಯೆಯನ್ನು ಅತ್ತಿಗೆಯೇ ಮುಂದೆ ನಿಂತು ಮಾಡಿಸಿದರು. ನೆಂಟರು ಬೇರೆ ಯಾರೂ ಇರಲಿಲ್ಲ. ಊಟಕ್ಕೆ ಹೋಟೆಲುಗಳ ಅಡುಗೆಯವರು, ಮಾಣಿಗಳು ಬಂದಿದ್ದರು, ನಮ್ಮ ಇಕನಾಮಿಕ್ಸಿನವರೂ ಬಂದು ಒಂದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರೂ ಎದ್ದು ಹೋದ ಮೇಲೆ ಅತ್ತಿಗೆ ನನ್ನ ಎದುರು ಬಂದು ಕೂತರು. ಸೀರೆಯ ಅಂಚು ತಿರುಚುತ್ತ ಮಾತು ತೆಗೆದರು.

“ಅವತ್ತು ಇವಳು ಔಷಧಿ ತರ್ಲಿಕ್ಕೆ ಹೋದಳಲ್ಲ ಸರ್, ಆಗ ಅವರು ನನಗೆ ಹೇಳಿದ್ರು. ಕೇಳಿದೆಯಾ, ಸಾಯ್ಲಿಕ್ಕೆ ಹೊರಟ ಅಣ್ಣನಿಗೂ ಸುಳ್ಳು ಪಾಸ್ ಕೊಡಲಿಲ್ಲ ನೋಡು ನನ್ನ ತಂಗಿ, ಇವಳನ್ನು ಓದಿಸಿದ್ದು ಸಾರ್ಥಕ ಆಯ್ತು ಅಂತ. ನಗ್ತಾ ಹೇಳಿದ್ರು. ಇವಳಿಗೆ ಹೇಳಬೇಕು ಅಂತ ನನಗೆ ಇತ್ತು. ಬಂದಾಗಲೆಲ್ಲ ಬಾಯಿವರೆಗೆ ಬರ್ತಿತ್ತು. ಇವಳಿಂದಲೇ ನನ್ನ ಗಂಡ ಹೋದದ್ದು, ಇವಳಿಗೆ ನಾನ್ಯಾಕೆ ಸಮಾಧಾನ ಕೊಡ್ಬೇಕು ಅಂತ ಒಳಗೆ ಹೋಗಿಬಿಡ್ತಿದ್ದೆ. ಮುಂದಿನ ಹಬ್ಬಕ್ಕೆ ಹೇಳುವ ಅಂತ.”

ಇಷ್ಟು ವರ್ಷ ಒಂದೇ ಒಂದು ಮಾತಿಗಾಗಿ ಕಾದು ಕೂತ ಹೆಂಗಸಿನ ಎದುರು ಈಕೆ ಚಹಾದ ಲೋಟ ಇಟ್ಟು ಒಳಗೆ ಹೋಗಿದ್ದಳು. ಕೂಗಾಡಬೇಕೆನ್ನಿಸಿತು. ಆದರೆ ಎದುರಿಗೆ ಕೂತ ಮುದುಕಿಯ ಮುಖ ನೋಡಿ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಇವಳು ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದಳಾ, ನಿಮ್ಮ ಹತ್ತಿರ ಏನಾದರೂ ಹೇಳುತ್ತಿದ್ದಳಾ ಎಂದು ಕೇಳಿದರು.

“ಇಲ್ರಿ ಅಕ್ಕಾರ,” ಎಂದೆ. “ಅಣ್ಣಗ ಖುಷಿ ಆಗಿರತದ ಅನ್ನೂದು ಅವರಿಗೆ ಗೊತ್ತಿತ್ರಿ.”

ಅತ್ತಿಗೆ ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ಎದ್ದು, ಒಂದು ಡಬ್ಬಿಗೆ ಪಾಯಸ ತುಂಬಿ, ಮನೆಯವರಿಗೆ ಕೊಡಿ ಎಂದು ನನ್ನ ಕೈಗಿತ್ತರು. ಸ್ಟೇಷನ್ನಿಗೆ ನಡೆದು ಬಂದೆ. ಲೋಕಲ್ ಬಂತು, ಹತ್ತಿದೆ, ಬಾಗಿಲ ಹತ್ತಿರ ನಿಂತುಕೊಂಡೆ. ಯಾರೋ ಹಿಂದಿಯಲ್ಲಿ ಏನಾಯಿತು ಚಾಚಾ ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು, ನಾನು ಎಲ್ಲರ ನಡುವೆ ನಿಂತು ಜೋರಾಗಿ ಅಳುತ್ತಿದ್ದೇನೆಂದು.